ಪೂರ್ವಕ್ಕೆ ಹೌಸಾಬಾಯಿಯ ಮನೆ

ಈ ವರ್ಷ ಮುಂಗಾರಿನ ಮೊದಲ ಮಳೆ, ಮಿರಗದ ಮಳೆ ಬಿದ್ದ ಮರುದಿನ ಊರ ಮನೆಯ ಬಾಗಿಲು ತೆಗೆದೆ. ಒಳಗೆ ಕಾಲಿಡುವ ಮೊದಲೇ ಸೀನು ಬಂತು. ಗೋಡೆ ತಂಪಾದರೆ ಸಾಕು, ಆ ಮನೆ ತಂಬಾಕಿನ ವಾಸನೆ ಬಿಡುತ್ತದೆ. ಎರಡು ಸಲ ಸುಣ್ಣ ಹೊಡೆಸಿದ್ದೇನೆ, ಒಮ್ಮೆ ಬಣ್ಣವನ್ನೂ ಬಳಿಸಿದ್ದೇನೆ. ಮಳೆ ಬಂತೆಂದರೆ ಮತ್ತೆ ಅದೇ ಘಾಟು. ನಿಪ್ಪಾಣಿ ಪೇಟೆಗೆ ಹೋಗುವ ತಂಬಾಕನ್ನು ಎರಡು ತಲೆಮಾರು ಒಟ್ಟಿ ಇಟ್ಟಿದ್ದ ವಖಾರಿ ಅದು. ಕಲ್ಲಿಗೂ ಚಟ ಹತ್ತಿರಬೇಕು.

ನಾನು ಸಣ್ಣವಳಿದ್ದಾಗ ಸಂಜೆ ಕೆಲಸದಿಂದ ಬಂದ ಅವ್ವನ ಸೀರೆಗೆ ಇದೇ ಘಾಟು ಇರುತ್ತಿತ್ತು. ಈ ವಖಾರಿಯ ಹಿಂದಿನ ಅಂಗಳದಲ್ಲಿ ಕೂತು ಅವಳು ತಂಬಾಕಿನ ಎಲೆಯಿಂದ ದಂಟು ಬಿಡಿಸುತ್ತಿದ್ದಳು. ಹೋಗುವುದು ಹಿಂಬಾಗಿಲಿಂದ, ಬರುವುದು ಹಿಂಬಾಗಿಲಿಂದ. ಮುಂಬಾಗಿಲು ಇರುವ ಗಲ್ಲಿಗೆ ನಮ್ಮ ಕೇರಿಯವರು ಕರೆದರೆ ಮಾತ್ರ ಹೋಗುತ್ತಿದ್ದರು, ಕರೆದಾಗಲೂ ಹೊರಗೇ ನಿಲ್ಲುತ್ತಿದ್ದರು. ಇದು ಯಾವ ಊರು ಎಂದು ಕೇಳಬೇಡಿ. ಬೇಡಕಿಹಾಳ, ಭೋಜದ ಕಡೆಗೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿಬಿಟ್ಟರೆ ಉಳಿದ ಊರಿನವರು ‘ಸದ್ಯ, ನಮ್ಮದಲ್ಲ’ ಎಂದು ನಿರಾಳವಾಗುತ್ತಾರೆ. ಅಷ್ಟು ಸುಲಭವಾಗಿ ಅವರನ್ನು ಬಿಡುವ ಮನಸ್ಸು ನನಗಿಲ್ಲ.

ನಾನಿರುವುದು ಚಿಕ್ಕೋಡಿಯಲ್ಲಿ; ಅವ್ವ, ತಮ್ಮ ಊರ ಕೇರಿಯಲ್ಲೇ ಇದ್ದಾರೆ. ನೋಂದಣಿ ಕಚೇರಿಯ ಎದುರು ಒಬ್ಬ ಬಾಂಡ್ ರೈಟರ್ ಸಾಹೇಬರ ಟೇಬಲ್ಲಿನಲ್ಲಿ ಮೂವತ್ತು ವರ್ಷದಿಂದ ಟೈಪಿಸ್ಟ್ ಆಗಿದ್ದೇನೆ. ಮದುವೆಯಾಗಲಿಲ್ಲ, ಆಗಲಿಲ್ಲವೆಂದು ಕೊರಗಲೂ ಇಲ್ಲ. ಜನ ಮನೆ ಮಾರುವುದು, ಕೊಳ್ಳುವುದು, ಅಣ್ಣತಮ್ಮಂದಿರು ಪಾಲಾಗುವುದು ಎಲ್ಲ ನನ್ನ ಬೆರಳ ಕೆಳಗೇ ಆಗಿದೆ. ಪ್ರತಿ ಪತ್ರದಲ್ಲೂ ಚಕ್ಕುಬಂದಿ ಎಂದು ಬರುತ್ತದೆ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರದು, ದಕ್ಷಿಣಕ್ಕೆ ರಸ್ತೆಯೋ ಹಳ್ಳವೋ, ಉತ್ತರಕ್ಕೆ ಏನು. ಸಹಿಗೆ ಮೊದಲು ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಟೇಬಲ್ಲಿನ ಪದ್ಧತಿ. ಚಕ್ಕುಬಂದಿ ಬಂದಾಗ ಒಂದೊಂದು ದಿಕ್ಕಿಗೂ ಪಾರ್ಟಿ ‘ಹೌದು’ ಅನ್ನಬೇಕು. ಸಾಹೇಬರ ಕಣ್ಣು ಮಂದವಾದ ಮೇಲೆ ಓದುವ ಕೆಲಸವೂ ನನಗೇ ಬಂತು. ಎಷ್ಟೋ ಮನೆಗಳ ನಾಲ್ಕೂ ದಿಕ್ಕು ಓದಿದ್ದೇನೆ. ಮೇಲಿನ ಗಲ್ಲಿಯ ಮನೆಯೊಂದಕ್ಕೆ ತಾಗಿ ನಮ್ಮ ಕೇರಿಯವರ ಹೆಸರು ಬಂದದ್ದನ್ನು ಮಾತ್ರ ಒಮ್ಮೆಯೂ ಓದಿರಲಿಲ್ಲ.

ಮೂರು ವರ್ಷದ ಹಿಂದಿನ ಬೇಸಿಗೆಯ ಮಾತು. ಊಟದ ಹೊತ್ತಿನಲ್ಲಿ ಫೋನಿನಲ್ಲಿ ಮನೆ ಮಾರಾಟದ ಆ್ಯಪ್ ನೋಡುವ ಚಟ ನನಗೆ. ಕೊಳ್ಳುವುದಕ್ಕಲ್ಲ. ಮಿಠಾಯಿ ಅಂಗಡಿಯ ಮುಂದೆ ಸುಮ್ಮನೆ ನಿಲ್ಲುವವರಿರುತ್ತಾರಲ್ಲ, ಹಾಗೆ. ಅವತ್ತು ‘ಹಳೆಯ ಕಲ್ಲಿನ ಮನೆ, ವಾರದ ಕೊನೆಯ ವಿಶ್ರಾಂತಿಗೆ ಯೋಗ್ಯ’ ಎಂದು ಒಂದು ಜಾಹೀರಾತು ಬಂತು. ಫೋಟೋ ಸರಿಸುತ್ತ ಹೋದೆ. ಮುಂಬಾಗಿಲು, ಪಡಸಾಲೆ, ಅಡಿಗೆಮನೆ, ಮಾಳಿಗೆ, ಯಾವುದರಿಂದಲೂ ಗುರುತು ಸಿಗಲಿಲ್ಲ. ಏಳನೇ ಫೋಟೋದಲ್ಲಿ ಹಿಂಬಾಗಿಲು ಬಂತು, ಅದರ ಪಕ್ಕ ಅವ್ವ ಬೆನ್ನು ಆನಿಸಿ ಕೂರುತ್ತಿದ್ದ ಕಲ್ಲು. ಬಾಯೊಳಗಿನ ರೊಟ್ಟಿ ಅಲ್ಲೇ ಉಳಿಯಿತು. ನಲವತ್ತು ವರ್ಷ ಪರಿಚಯವಿದ್ದ ಮನೆಯನ್ನು ನಾನು ಅದರ ಬೆನ್ನಿನಿಂದ ಮಾತ್ರ ಗುರುತಿಸಬಲ್ಲವಳಾಗಿದ್ದೆ. ಸಿಟ್ಟು ಬಂತು. ನನ್ನ ಮೇಲೋ, ಮನೆಯ ಮೇಲೋ, ಅವತ್ತು ತಿಳಿಯಲಿಲ್ಲ.

ಹಿಂದಿನ ಕಾಲವಾಗಿದ್ದರೆ ಆ ಮನೆ ಮಾರಾಟಕ್ಕಿದೆ ಎಂಬ ಸುದ್ದಿಯೇ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಊರಲ್ಲಿ ಮನೆ ಮಾರುವವರು ಮೊದಲು ಭಾವಬಂದರನ್ನು, ಅಂದರೆ ದಾಯಾದಿಗಳನ್ನು ಕೇಳಬೇಕು, ಆಮೇಲೆ ಅಕ್ಕಪಕ್ಕದವರನ್ನು, ಆಮೇಲೆ ಚಹಾದಂಗಡಿಯ ಕಟ್ಟೆ ‘ಇಂಥವರಿಗೆ ಕೊಡು’ ಎಂದು ತೀರ್ಮಾನಿಸಬೇಕು. ಫೋನಿಗೆ ಕಟ್ಟೆಯ ಪರಿಚಯವಿರಲಿಲ್ಲ. ಮಾಲೀಕರು ಪುಣೆಯಲ್ಲಿದ್ದರು. ಅವರಿಗದು ರಜೆಯ ಮನೆ. ಮಕ್ಕಳು ಬರುವುದನ್ನು ಬಿಟ್ಟ ಮೇಲೆ ಬಾಗಿಲಿಗೆ ಕ್ಯಾಮರಾ ಹಾಕಿಸಿ, ಅಂಕಿ ಒತ್ತಿದರೆ ತೆರೆಯುವ ಬೀಗ ಕೂರಿಸಿ, ಎರಡು ವರ್ಷ ಪುಣೆಯಿಂದಲೇ ಆ ಮನೆಯನ್ನು ನೋಡುತ್ತ ಕೂತಿದ್ದರು. ಫೋನ್ ಮಾಡಿದರೆ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಮಾತಾಡಿದರು.

“ಬಾಯಿ, ನಂಬರ ಕಳಸ್ತೀನಿ, ನೀವ ಹೋಗಿ ನೋಡ್ರಿ. ನಾ ಇಲ್ಲಿಂದ ಕ್ಯಾಮರಾದಾಗ ನೋಡ್ತೀನಿ. ಕ್ಯಾಮರಾದಾಗ ಮನಿ ನೋಡಿ ನೋಡಿ ನನಗೂ ಸಾಕಾಗೇತಿ.”

ಜಾತಿ ಬಿಟ್ಟುಕೊಡುವ ನನ್ನ ಅಡ್ಡಹೆಸರನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆ್ಯಪಿನಲ್ಲಿ ನಾನು ಬರೀ ಸುಜಾತಾ. ಮಧ್ಯಾಹ್ನದ ಉರಿಬಿಸಿಲಿನಲ್ಲಿ, ಗಲ್ಲಿಯೆಲ್ಲ ಮಲಗಿದ್ದಾಗ ಹೋಗಿ ಅಂಕಿ ಒತ್ತಿದೆ. ಬೀಗ ಸಣ್ಣದೊಂದು ಸದ್ದು ಮಾಡಿ ಬಿಚ್ಚಿಕೊಂಡಿತು. ಅಷ್ಟೇ. ಅಷ್ಟಕ್ಕೆ ನಮ್ಮ ಅಜ್ಜಿಯ ಆಯುಷ್ಯ, ಅವ್ವನ ದುಡಿಮೆಯ ವರ್ಷ ಎರಡೂ ಸಾಲದೇ ಹೋಗಿದ್ದವು.

ಕೂಡಿಟ್ಟದ್ದನ್ನೆಲ್ಲ ಹಾಕಿದೆ. ಖರೀದಿ ಪತ್ರದಲ್ಲಿ ಮೊದಲ ಹೆಸರು ಅವ್ವ ಹೌಸಾಬಾಯಿಯದು, ಎರಡನೆಯದು ನನ್ನದು. ಪತ್ರವನ್ನು ನಾನೇ ಟೈಪ್ ಮಾಡಿ, ನಾನೇ ಅವ್ವನಿಗೆ ಓದಿ ಹೇಳಿದೆ. “ಪಶ್ಚಿಮಕ್ಕೆ ಅಪ್ಪಾಸಾಹೇಬರ ಮನೆ” ಎಂದಾಗ ಅವಳು ಕಚೇರಿಯ ಹೊರಗಿದ್ದವರಿಗೂ ಕೇಳುವಂತೆ “ಹೌದು” ಅಂದಳು. ಪುಣೆಯವರು ಕಾರಿನಲ್ಲಿ ಬಂದು, ಫೋಟೋಕ್ಕೆ ಮುಖ ಕೊಟ್ಟು, ಹೆಬ್ಬೆರಳು ಒತ್ತಿ, ಊಟಕ್ಕೂ ನಿಲ್ಲದೆ ಹೋದರು. ಕ್ಯಾಮರಾದ ಪಾಸ್‌ವರ್ಡನ್ನು ದಾರಿಯಿಂದ ಕಳಿಸಿದರು.

ಅಪ್ಪಾಸಾಹೇಬರೆಂದರೆ ಗಲ್ಲಿಯ ಹಿರಿಯರು. ಕಬ್ಬಿನ ದೊಡ್ಡ ಹೊಲ, ಎರಡು ಗಂಡುಮಕ್ಕಳು, ಸಕ್ಕರೆ ಕಾರ್ಖಾನೆಯಲ್ಲಿ ನಡೆಯುವ ಮಾತು. ಸುದ್ದಿ ಗೊತ್ತಾದ ದಿನ ಅವರು ನನ್ನನ್ನಾಗಲಿ ಅವ್ವನನ್ನಾಗಲಿ ಕೇಳಲಿಲ್ಲ. ಅದೇ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ನನ್ನ ತಮ್ಮ ಮಿಲಿಂದನನ್ನು ಕರೆಸಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರಂತೆ. ಮನೆ ಚೆನ್ನಾಗಿದೆ, ಆದರೆ ಹಳೆಯದು. ಬೇಕಾದರೆ ನಾವೇ ಕೊಳ್ಳುತ್ತೇವೆ. ಬೇಡವೆಂದರೆ ಈಗ ಆ್ಯಪಿನಲ್ಲಿ ದಿನದ ಬಾಡಿಗೆಗೆ ಕೊಡುತ್ತಾರಲ್ಲ, ಕೊಲ್ಲಾಪುರ, ಪುಣೆ ಕಡೆಯಿಂದ ಯಾರಾದರೂ ಬಂದು ಇದ್ದು ಹೋಗಲಿ.

ಮಿಲಿಂದನಿಗೆ ಇದು ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ಉಪಾಯವಾಗಿ ಕಂಡಿತು. ಚಿಕ್ಕೋಡಿಗೆ ಬಂದು ಕೂತ.

“ಅಕ್ಕಾ, ಮಾಲಕಿ ನೀನ ಇರು. ಬಂದವರು ನಂಬರ ಒತ್ತಿ ಒಳಗ ಹೋಗ್ತಾರ, ನಂಬರ ಒತ್ತಿ ಹೊರಗ ಬರ್ತಾರ. ನೀ ಇಲ್ಲಿ ಕುಂತ ಫೋನಿನ್ಯಾಗ ನೋಡು. ನಾವು ಆ ಗಲ್ಲಿಗಿ ಕಾಲ ಇಡೂದ ಬ್ಯಾಡ. ಯಾರಿಗೂ ತ್ರಾಸ ಇಲ್ಲ.”

“ಯಾರೋ ಗುರ್ತಿಲ್ಲದವರು ಆ ಮನ್ಯಾಗ ಮಲಗಬೇಕು, ಅವ್ವ ಮಲಗಬಾರ್ದು. ಹಂಗೇನ?”

“ಹಂಗಲ್ಲ ಅಕ್ಕಾ. ನನ್ನ ಹುಡುಗ್ರು ದಿನಾ ಅದೇ ಗಲ್ಲೀಲೆ ಸಾಲಿಗಿ ಹೋಗ್ತಾವ.”

ಅವನ ಮಾತು ಸುಳ್ಳಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮುಖ ತೋರಿಸದೆ ಕೊಳ್ಳುವುದನ್ನು ಫೋನು ಕಲಿಸಿಕೊಟ್ಟಿತ್ತು. ಈಗ ಮುಖ ತೋರಿಸದೆ ಮಾಲೀಕಳಾಗಿರುವುದನ್ನೂ ಅದೇ ಕಲಿಸಲು ಬಂದಿತ್ತು. ಮೊದಲನೆಯದಕ್ಕೆ ನಾನು ಒಪ್ಪಿದ್ದೆ. ಎರಡನೆಯದಕ್ಕೆ ತಲೆಯ ಮೇಲೆ ತಲೆ ಬಿದ್ದರೂ ಒಪ್ಪುವುದಿಲ್ಲ ಎಂದೆ. ಅವನು ಚಹಾ ಕುಡಿಯದೆ ಎದ್ದು ಹೋದ.

ಆ ವರ್ಷ ಮಳೆ ಜೋರಾಗಿತ್ತು. ಕೇರಿಯ ಬುದ್ಧವಿಹಾರಕ್ಕೆ ಸ್ಲ್ಯಾಬ್ ಹಾಕಿಸಬೇಕೆಂದು ತಗಡು ಬಿಚ್ಚಿದ್ದರು. ಅಷ್ಟರಲ್ಲಿ ಮಳೆ ಹಿಡಿದು ಕೆಲಸ ನಿಂತಿತು. ಆಷಾಢ ಹುಣ್ಣಿಮೆಯಿಂದ ಸೀಗಿ ಹುಣ್ಣಿಮೆಯವರೆಗೆ ಮೂರು ತಿಂಗಳು ನಮ್ಮಲ್ಲಿ ವರ್ಷಾವಾಸ. ದಿನಾ ಸಂಜೆ ಹೊಲದ ಕೆಲಸ ಮುಗಿಸಿ ಬಂದ ಹೆಂಗಸರು ಬಿಳಿ ಸೀರೆ ಉಟ್ಟು ವಿಹಾರದಲ್ಲಿ ಕೂರುತ್ತಾರೆ, ಬುದ್ಧನ ಧಮ್ಮದ ಗ್ರಂಥ ಓದಿಸುತ್ತಾರೆ. ಗ್ರಂಥ ಮರಾಠಿಯಲ್ಲಿದೆ. ಒಬ್ಬರು ಓದಿದರೆ ಇನ್ನೊಬ್ಬರು ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಒಂದು ಮಳೆಗಾಲವೂ ಅದು ತಪ್ಪಿದ್ದಿಲ್ಲ. ವಿಹಾರಕ್ಕೆ ಚಾವಣಿಯಿಲ್ಲ, ಈ ಸಲ ಹೇಗೆ ಎಂದು ಎಲ್ಲರೂ ಮಿಕಿಮಿಕಿ ನೋಡುವಾಗ ನಾನು ಹೇಳಿದೆ: ನಮ್ಮ ಮನೆಯ ಪಡಸಾಲೆಯಲ್ಲಿ ನಲವತ್ತು ಜನ ಕೂರಬಹುದು.

ಹೆಂಗಸರು ಅವ್ವನ ಕಡೆಗೆ ತಿರುಗಿದರು. ಕೊನೆಗೆ ಅವ್ವ, “ವಖಾರ್ಯಾಗ?” ಎಂದು ಕೇಳಿದಳು.

“ವಖಾರಿ ಅಲ್ಲ ಬೇ. ಮನಿ. ನಿಂದ.”

ಬೀಗದ ಅಂಕಿ ಬದಲಿಸಿದೆ. ಯಾರಿಗೂ ಹೇಳಬೇಡಿ, ಊಹಿಸಲಾಗದ ಸಂಖ್ಯೆ ಇಡಿ ಎಂದು ಆ್ಯಪ್ ಎಚ್ಚರಿಸಿತು. ನಾನು ಜಯಂತಿಯ ತಾರೀಖು ಇಟ್ಟೆ. ಯಾವ ಜಯಂತಿ ಎಂದು ನಮ್ಮ ಕೇರಿಯಲ್ಲಿ ಮಕ್ಕಳೂ ಕೇಳುವುದಿಲ್ಲ. ಅಷ್ಟು ಜನರ ನಾಲಿಗೆಯ ಮೇಲಿರುವ ಬೀಗದ ಸಂಖ್ಯೆ ಬೇರೆಲ್ಲೂ ಇರಲಿಕ್ಕಿಲ್ಲ.

ಆಷಾಢ ಹುಣ್ಣಿಮೆಯ ದಿನ ನಾನೇ ಹೋಗಬೇಕಿತ್ತು. ಬೆಳಗಿನಿಂದ ಸರ್ವರ್ ಕೆಟ್ಟಿದ್ದರಿಂದ ಪಾರ್ಟಿಗಳ ಸಾಲು ಸಂಜೆಗೂ ಕರಗಲಿಲ್ಲ, ಬಸ್ಸು ತಪ್ಪಿತು. ‘ನೀವ ಒತ್ತಿ ಒಳಗ ಹೋಗ್ರಿ, ನಾ ಇಲ್ಲಿಂದ ನೋಡ್ತಿರ್ತೀನಿ’ ಎಂದು ಅವ್ವನಿಗೆ ಹೇಳಿ, ಫೋನನ್ನು ಸ್ಟೇಪ್ಲರಿಗೆ ಆನಿಸಿ ನಿಲ್ಲಿಸಿಕೊಂಡೆ. ಕ್ಯಾಮರಾದಲ್ಲಿ ತೊಯ್ದ ಗಲ್ಲಿ ಕಾಣುತ್ತಿತ್ತು. ಅಪ್ಪಾಸಾಹೇಬರ ಹಿರಿಯ ಮಗನ ಮೋಟಾರ್ ಸೈಕಲ್ಲು, ಮಳೆಗೆ ಮುದುರಿ ಕೂತ ಒಂದು ನಾಯಿ. ಆರು ಗಂಟೆಯಾಯಿತು. ಯಾರೂ ಬರಲಿಲ್ಲ. ಆರು ಹತ್ತು, ಆರು ಇಪ್ಪತ್ತು. ಪತ್ರ ಟೈಪ್ ಮಾಡುತ್ತ ಮಾಡುತ್ತ ಫೋನಿನ ಕಡೆಗೇ ನೋಡುತ್ತಿದ್ದೆ. ಹೆದರಿದರು. ನನ್ನ ಆಯುಷ್ಯದ ಗಳಿಕೆಯನ್ನೆಲ್ಲ ಸುರಿದು ಬಾಗಿಲು ತೆರೆಸಿದರೆ ನಾಲ್ಕು ಅಂಕಿ ಒತ್ತುವ ಧೈರ್ಯವಿಲ್ಲ ಇವರಿಗೆ. ಸಿಟ್ಟಿನಲ್ಲಿ ಯಾರದೋ ಸರ್ವೆ ನಂಬರನ್ನು ತಪ್ಪು ಹೊಡೆದೆ. ಕೊನೆಗೆ ತಡೆಯಲಾರದೆ ಫೋನ್ ಮಾಡಿದೆ.

“ಎಲ್ಲಿ ಅದೀಬೇ? ಬರೂದಿಲ್ಲಂದ್ರ ಬರೂದಿಲ್ಲ ಅಂತ ಹೇಳಬೇಕಿಲ್ಲೊ.”

“ಎಲ್ಲಿ ಅಂದ್ರ? ಇಲ್ಲೇ ಬಾಗಲದಾಗ ನಿಂತೇವಿ. ಅರ್ಧಾ ತಾಸ ಆತು, ಎಲ್ಲಾರೂ ತೊಯ್ಸಿಕೊಂಡಾರ. ನೀ ಹೇಳಿದ ನಂಬರಿನ ಪೆಟಗಿ ಎಲ್ಲೈತೆ? ಹುಡಕಿ ಹುಡಕಿ ಸಾಕಾತು.”

ಹನ್ನೊಂದು ಹೆಂಗಸರು ಹಿಂಬಾಗಿಲಿನಲ್ಲಿ ನಿಂತಿದ್ದರು. ಹೆದರಿ ಅಲ್ಲ, ಯೋಚಿಸಿ ಅಲ್ಲ. ಆ ಮನೆಗೆ ಬಾಗಿಲು ಎಂದರೆ ಅವರಿಗೆ ಅದೊಂದೇ. ‘ಒತ್ತಿ ಒಳಗ ಹೋಗ್ರಿ’ ಎಂದಷ್ಟೇ ನಾನೂ ಹೇಳಿದ್ದೆ, ಯಾವ ಬಾಗಿಲು ಎಂದು ಹೇಳಬೇಕೆಂದು ನನಗೂ ಹೊಳೆದಿರಲಿಲ್ಲ. ಅವರನ್ನು ಬೈದುಕೊಂಡದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಇನ್ನೊಂದು ಸಿಟ್ಟು ಬಂತು, ಈ ಸಲ ಅದು ಯಾರ ಮೇಲೆ ಎಂದು ಚೆನ್ನಾಗಿ ಗೊತ್ತಿತ್ತು.

“ಅವ್ವಾ, ಮುಂದಿನ ಬಾಗಲಕ್ಕ ಬರ್ರಿ.”

“ಮುಂದಿನದಕ್ಕ? ಗಲ್ಲ್ಯಾಗಿಂದ?”

“ಹೂಂ.”

“ಎಲ್ಲಾರೂ?”

“ಎಲ್ಲಾರೂ. ಬಳಸಿಕೊಂಡ ಬರ್ರಿ, ಅವಸರ ಮಾಡಬ್ಯಾಡ್ರಿ.”

ನಾನು ಟೈಪ್ ಮಾಡುವುದನ್ನು ಬಿಟ್ಟೆ. ಎದುರಿಗೆ ಕೂತ ಪಾರ್ಟಿ, “ಬಾಯಿ, ಏನಾತ್ರಿ?” ಎಂದ. ತಡಿ ಎಂದು ಕೈ ಮಾಡಿದೆ. ಸ್ವಲ್ಪ ಹೊತ್ತಿಗೆ ಫೋನಿನ ಒಂದು ಮೂಲೆಯಲ್ಲಿ ಬಿಳಿ ಕಂಡಿತು. ಒಂದು ಸೀರೆ, ಎರಡು, ಮೂರು. ಒದ್ದೆಯಾಗಿ ಮೈಗೆ ಅಂಟಿದ ಬಿಳಿ ಸೀರೆಗಳು ಒಂದರ ಹಿಂದೊಂದು ಗಲ್ಲಿಯ ನಡುವೆ ಬಂದವು. ಗ್ರಂಥವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವ್ವ ಎದೆಗೆ ಅವಚಿಕೊಂಡಿದ್ದಳು. ಅಕ್ಕಪಕ್ಕದ ಬಾಗಿಲುಗಳು ಒಂದೊಂದು ಗೇಣು ತೆರೆದುಕೊಂಡವು. ಇವರು ಯಾರ ಕಡೆಗೂ ನೋಡಲಿಲ್ಲ. ಅವ್ವ ಬೀಗದ ಮುಂದೆ ನಿಂತು, ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತ ಒತ್ತಿದಳು. ಹಸಿರು ದೀಪ ಹತ್ತಿತು. ಹನ್ನೊಂದು ಜೊತೆ ಚಪ್ಪಲಿ ಗಲ್ಲಿಯ ಕಡೆಗೆ ಸಾಲಾಗಿ ಕೂತವು. ಕೊನೆಗೆ ಅವ್ವ ತಲೆಯೆತ್ತಿ ಕ್ಯಾಮರಾ ನೋಡಿ, “ಸುಜಾತಾ, ತಗದೈತಿ,” ಅಂದಳು.

ನಾನು ಅತ್ತೆ. ಟೇಬಲ್ಲಿನ ಮುಂದೆ, ಪಾರ್ಟಿಗಳ ಎದುರಿಗೇ ಅತ್ತೆ. ಆಮೇಲೆ ಮೂಗೊರೆಸಿಕೊಂಡು ಸರ್ವೆ ನಂಬರು ತಿದ್ದಿದೆ.

ಮರುದಿನವೇ ಗಲ್ಲಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ವಿಡಿಯೋ ಬಂತು. ಆ ಗುಂಪಿಗೆ ನನ್ನನ್ನು ಸೇರಿಸಿರಲಿಲ್ಲ, ಯಾರೋ ಕಳಿಸಿಕೊಟ್ಟರು. ಅಪ್ಪಾಸಾಹೇಬರ ಹಿರಿಯ ಮಗ ತನ್ನ ಮನೆಯ ಕ್ಯಾಮರಾದಿಂದ ತೆಗೆದು ಹಾಕಿದ್ದ: ಬಿಳಿ ಸೀರೆಯವರು ಬರುತ್ತಿದ್ದಾರೆ, ಅವ್ವ ಬೀಗ ಒತ್ತುತ್ತಿದ್ದಾಳೆ. ಕೆಳಗೆ ಬರೆದಿತ್ತು, ‘ನಮ್ಮ ಗಲ್ಲಿಯಲ್ಲಿ ಅಪರಿಚಿತರ ಓಡಾಟ ಹೆಚ್ಚಿದೆ, ಎಲ್ಲರೂ ಎಚ್ಚರದಿಂದಿರಿ.’

ಅಪರಿಚಿತರು ಎಂಬ ಶಬ್ದವನ್ನು ನಾನು ಎರಡು ದಿನ ಅಗಿದೆ. ಗುಂಪಿಗೆ ಸೇರಿಸಿ ಎಂದು ಕೇಳಿಕೊಳ್ಳಲಿಲ್ಲ. ನನಗೆ ಬರುವುದು ಒಂದೇ ವಿದ್ಯೆ. ಬಾಂಡ್ ಪೇಪರಿನ ಅಳತೆಯ ಹಾಳೆಯಲ್ಲಿ, ಪತ್ರದ ಭಾಷೆಯಲ್ಲೇ ಟೈಪ್ ಮಾಡಿದೆ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೆಳಗೆ ಕಾಣಿಸಿದವರು ಅಪರಿಚಿತರಲ್ಲ’ ಎಂದು ಸುರು. ಸದರಿ ಹೌಸಾಬಾಯಿ, ಇದೇ ಮನೆಯ ಹಿಂದಿನ ಅಂಗಳದಲ್ಲಿ ಇಪ್ಪತ್ತಾರು ವರ್ಷ ತಂಬಾಕು ಬಿಡಿಸಿದವರು. ಸದರಿ ಕಮಲಾಬಾಯಿ, ಪಶ್ಚಿಮದ ಮನೆಯವರ ಹೊಲದಲ್ಲಿ ಮದುವೆಯಾಗಿ ಬಂದ ವರ್ಷದಿಂದ ಇಂದಿನವರೆಗೆ ಕಬ್ಬಿಗೆ ಕಳೆ ತೆಗೆಯುತ್ತಿರುವವರು. ಸದರಿ ಶಾಂತಾಬಾಯಿ, ಸದರಿ ಗಲ್ಲಿಯ ನಾಲ್ಕು ಬಾಣಂತಿಯರ ಬಟ್ಟೆ ಒಗೆದವರು. ಹೀಗೆ ಹನ್ನೊಂದೂ ಹೆಸರು. ಅದನ್ನು ಮುಂಬಾಗಿಲಿಗೆ, ಕ್ಯಾಮರಾದ ಕೆಳಗೆ ಅಂಟಿಸಿದೆ. ರಾತ್ರಿ ಯಾರೋ ಮುಖ ಮುಚ್ಚಿಕೊಂಡು ಬಂದು ಹರಿದರು. ಮತ್ತೆ ಅಂಟಿಸಿದೆ, ಮತ್ತೆ ಹರಿದರು. ಮೂರನೆಯ ಸಲ ಲ್ಯಾಮಿನೇಟ್ ಮಾಡಿಸಿ ನಾಲ್ಕು ಮೊಳೆ ಹೊಡೆದೆ. ಅದು ಈಗಲೂ ಇದೆ, ಬಿಸಿಲಿಗೆ ಅಂಚು ಹಳದಿಯಾಗಿದೆ.

ಓದು ನಿಲ್ಲಲಿಲ್ಲ. ಸಂಜೆಯ ಬಸ್ಸಿಗೆ ಹೋಗಿ ನಾನೇ ಓದುತ್ತಿದ್ದೆ. ಶ್ರಾವಣದಲ್ಲಿ ಹೊಳೆ ಏರಿ ಸೇತುವೆಯ ಮೇಲೆ ನೀರು ಬಂದು ಬಸ್ಸು ನಿಂತ ನಾಲ್ಕು ದಿನ ನಾನು ಚಿಕ್ಕೋಡಿಯಿಂದ ವಿಡಿಯೋ ಕಾಲಿನಲ್ಲಿ ಓದಿದೆ. ಅಲ್ಲಿ ಕಮಲಾಬಾಯಿ ತಾಮ್ರದ ಬಿಂದಿಗೆಗೆ ಫೋನು ಆನಿಸಿ ಇಟ್ಟಿದ್ದಳು. ಅವ್ವ ಬೆಳಿಗ್ಗೆ ಎದ್ದರೆ ಆ ಮನೆಗೆ ಹೋಗಿ ಬಾಗಿಲು ತೆಗೆದು ಮುಂದಿನ ಕಟ್ಟೆಯ ಮೇಲೆ ಕೂರುವುದನ್ನು ರೂಢಿ ಮಾಡಿಕೊಂಡಳು. ಕ್ಯಾಮರಾ ಮಾತನ್ನೂ ಒಯ್ಯುತ್ತದೆ ಎಂದು ತಿಳಿದ ಮೇಲೆ ಅದರ ಜೊತೆ ಮಾತಾಡತೊಡಗಿದಳು. “ಸುಜಾತಾ, ನಾಷ್ಟಾ ಆತೇನ?” “ಇವತ್ತ ಬದನಿಕಾಯಿ ಮಾಡೇನಿ ನೋಡ.” ಹೋಗಿ ಬರುವವರೆಲ್ಲ ಮುದುಕಿ ಗೋಡೆಯ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಪುಣೆಯವರಿಗೆ ಆ ಕ್ಯಾಮರಾ ಮನೆಗೆ ಬಾರದೇ ಇರುವುದಕ್ಕೆ ನೆಪವಾಗಿತ್ತು. ನಮಗೆ ಅದು ತಾಯಿಮಗಳು ದಿನಾ ಕೂಡಿ ಕೂರುವ ಕಟ್ಟೆಯಾಯಿತು.

ಭಾದ್ರಪದ ಮುಗಿಯುತ್ತ ಬಂದಾಗ ಮಿಲಿಂದ ಒಂದು ಕೆಲಸ ಮಾಡಿದ. ನನ್ನನ್ನು ಕೇಳದೆ ಬಾಡಿಗೆಯ ಆ್ಯಪಿನಲ್ಲಿ ಮನೆಯ ಫೋಟೋ ಹಾಕಿ, ನನ್ನ ಹೆಸರಿನಲ್ಲೇ ಒಂದು ಪುಟ ತೆರೆದ. ಪುಣೆಯ ಒಂದು ಕುಟುಂಬ ಸೀಗಿ ಹುಣ್ಣಿಮೆಯ ಎರಡು ದಿನಕ್ಕೆ ಮನೆ ಹಿಡಿಯಿತು. ಅದೇ ಹುಣ್ಣಿಮೆಗೆ ನಮ್ಮ ವರ್ಷಾವಾಸದ ಸಮಾರೋಪ, ಖೀರಿನ ಊಟ.

“ನಾ ಏನ ಮಾಡ್ಲಿ ಅಕ್ಕಾ,” ಅಂದ. “ಅಪ್ಪಾಸಾಹೇಬ್ರು ಎರಡ ಸಲ ಕರಿಸಿದ್ರು. ಒಂದ ಬುಕಿಂಗ ಬಂದ್ರ ನೀನೂ ಒಪ್ತಿ ಅಂತ ಮಾಡಿದ್ನಿ.”

“ನೀ ಅವರಿಗಿ ಹೆದರಿದ್ರ ಹೆದರು. ನನ್ನ ಹೆಸರ ಮುಂದ ಮಾಡಿ ಹೆದರಬ್ಯಾಡ.”

ಅವನು ತಲೆ ತಗ್ಗಿಸಿದ. ಅವನೆದುರೇ ಬುಕಿಂಗ್ ರದ್ದು ಮಾಡಿದೆ. ಹೀಗೆ ರದ್ದು ಮಾಡಿದರೆ ನಿಮ್ಮ ರೇಟಿಂಗ್ ಕಡಿಮೆಯಾಗುತ್ತದೆ ಎಂದು ಆ್ಯಪ್ ಹೆದರಿಸಿತು. ನನಗೆ ನಗು ತಡೆಯಲಾಗಲಿಲ್ಲ. ಆ ಗಲ್ಲಿಯಲ್ಲಿ ನನ್ನ ರೇಟಿಂಗ್ ನಾನು ಹುಟ್ಟುವ ಮೊದಲೇ ಬಿದ್ದಿತ್ತು. ಪುಟವನ್ನೂ ಅಳಿಸಿಬಿಟ್ಟೆ. ಪುಣೆಯ ಆ ಕುಟುಂಬಕ್ಕೆ ಕ್ಷಮೆ ಕೇಳಿ ಸಂದೇಶ ಕಳಿಸಿದೆ. ಅವರ ತಪ್ಪು ಏನೂ ಇರಲಿಲ್ಲ.

ಸೀಗಿ ಹುಣ್ಣಿಮೆಯ ದಿನ ಪಡಸಾಲೆ ತುಂಬಿ, ಜನ ಕಟ್ಟೆಯ ಮೇಲೂ ಕೂತರು. ಮಿಲಿಂದ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಹಗಲು ಹೊತ್ತಿನಲ್ಲೇ, ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತುಕೊಂಡು, ಹೆಂಡತಿ ಮಕ್ಕಳ ಜೊತೆ, ಗಲ್ಲಿಯ ನಡುವಿನಿಂದಲೇ ಬಂದ. ಅಪ್ಪಾಸಾಹೇಬರು ಬಾಗಿಲಲ್ಲೇ ಕೂತಿದ್ದರಂತೆ. ನಾನು ಅವನನ್ನು ಏನೂ ಕೇಳಲಿಲ್ಲ. ಖೀರು ಕುದಿಸಲು ಜಾಗ ತೋರಿಸಿದೆ.

ಇಷ್ಟಕ್ಕೇ ಆ ವರ್ಷ ಮುಗಿದಿದ್ದರೂ ನನಗೆ ಸಾಕಿತ್ತು. ಆದರೆ ದೀಪಾವಳಿ ಕಳೆದು ಕಬ್ಬಿನ ಹಂಗಾಮು ಸುರುವಾದಾಗ ಅಪ್ಪಾಸಾಹೇಬರು ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಮ್ಮ ಟೇಬಲ್ಲಿಗೆ ಬಂದರು. ಮಕ್ಕಳಿಗೆ ಮನೆ ಪಾಲು ಮಾಡಿಕೊಡಬೇಕಿತ್ತು. ಅವರ ತಂದೆಯ ಕಾಲದಿಂದ ಆ ಮನೆತನದ ಕಾಗದವೆಲ್ಲ ನಮ್ಮ ಸಾಹೇಬರ ಕೈಯಲ್ಲೇ ಆದದ್ದು. ನನ್ನನ್ನು ನೋಡಿಯೂ ನೋಡದವರಂತೆ ಸಾಹೇಬರ ಕಡೆಗೆ ತಿರುಗಿ ಕೂತರು. ಹಳೆಯ ಪತ್ರದ ನಕಲು ತಂದಿದ್ದರು. ಅದರಲ್ಲಿ ಪೂರ್ವಕ್ಕೆ ಪುಣೆಯವರ ಹೆಸರಿತ್ತು.

“ಹಳೇದ ಇದ್ದಂಗ ಹಾಕಿಬಿಡ್ರಿ,” ಎಂದ ಹಿರಿಯ ಮಗ.

ಸಾಹೇಬರು ಪಂಚಾಯ್ತಿಯ ಹೊಸ ಇ-ಸ್ವತ್ತಿನ ಉತಾರವನ್ನು, ಅಂದರೆ ಆಸ್ತಿ ದಾಖಲೆಯ ನಕಲನ್ನು, ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. “ಆಗೂದಿಲ್ರಿ. ಇದರಾಗ ಇದ್ದಂಗ ಇಲ್ಲಂದ್ರ ಕಂಪ್ಯೂಟರ ತಗೋಳೂದಿಲ್ಲ.”

ನಾನು ಉತಾರದಲ್ಲಿ ಇದ್ದಂತೆ ಟೈಪ್ ಮಾಡಿದೆ. ಆಮೇಲೆ ಪದ್ಧತಿಯಂತೆ ಗಟ್ಟಿಯಾಗಿ ಓದತೊಡಗಿದೆ. ದಕ್ಷಿಣಕ್ಕೆ ಗಲ್ಲಿಯ ರಸ್ತೆ. “ಹೌದು,” ಅಂದರು. ಉತ್ತರಕ್ಕೆ ಹಿತ್ತಿಲು. “ಹೌದು.” ಪಶ್ಚಿಮಕ್ಕೆ ಅವರದೇ ತಮ್ಮನ ಮನೆ. “ಹೌದು.”

“ಪೂರ್ವಕ್ಕೆ, ಹೌಸಾಬಾಯಿ, ಗಂಡನ ಹೆಸರು ಲಕ್ಷ್ಮಣ, ಹಾಗೂ ಇವರ ಮಗಳು ಸುಜಾತಾ, ಇವರ ಮಾಲ್ಕಿಯ ಮನೆ.”

ಅಪ್ಪಾಸಾಹೇಬರು ಟೇಬಲ್ಲಿನ ಮೇಲಿನ ಕಾಗದ ನೋಡುತ್ತ ಕೂತರು. ಇನ್ನೊಮ್ಮೆ ಓದಿದೆ. ಹಿಂದೆ ಕಾಯುತ್ತಿದ್ದವರು ಕತ್ತು ಚಾಚಿದರು. ಕಿರಿಯ ಮಗ ಅಪ್ಪನ ಮೊಣಕೈ ಮುಟ್ಟಿದ. ಕೊನೆಗೆ ಅವರು ಸಣ್ಣಗೆ “ಹೌದು” ಅಂದರು.

ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಮುಗಿಸಲು ಮನಸ್ಸಾಗಲಿಲ್ಲ.

“ಬರೇ ಹೌದಂದ್ರ ಸಾಲೂದಿಲ್ರಿ,” ಎಂದೆ. “ಪೂರ್ವದ್ದು ಹೊಸಾ ಹೆಸರ ಐತಿ. ನಿಮ್ಮ ಬಾಯಿಲೆ ಒಮ್ಮಿ ಹೇಳ್ರಿ, ಯಾರ ಮನಿ ಅಂತ.”

ಸಾಹೇಬರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಅಂಥ ನಿಯಮ ಯಾವ ಪುಸ್ತಕದಲ್ಲೂ ಇಲ್ಲ. ಅದು ನಾನು ಅದೇ ಗಳಿಗೆಯಲ್ಲಿ ಮಾಡಿದ ನಿಯಮ, ಆಮೇಲೆ ಯಾರಿಗೂ ಅದನ್ನು ಹಚ್ಚಿಲ್ಲ. ಸಾಹೇಬರಿಗೆ ಇದೆಲ್ಲ ಗೊತ್ತಿತ್ತು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು, ಬಹಳ ಹೊತ್ತು ಒರೆಸಿದರು.

ಇಪ್ಪತ್ತಾರು ವರ್ಷ ಅವ್ವ ಅವರ ಗೋಡೆಯ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದಳು. ಅವರ ಹೊಲಕ್ಕೂ ಕಳೆ ತೆಗೆಯಲು ಹೋಗಿದ್ದಳು. ‘ಏ ಇಕಿ’ ಎಂದು ಕರೆದರೆ ಓಡುತ್ತಿದ್ದಳು. ಅಪ್ಪಾಸಾಹೇಬರು ನನ್ನ ಕಡೆಗಲ್ಲ, ಬಾಗಿಲ ಕಡೆಗೆ ನೋಡುತ್ತ ಹೇಳಿದರು.

“ಹೌಸಾಬಾಯಿ ಮನಿ.”

ಸಹಿ ಮಾಡಿ ಎದ್ದು ಹೋದರು. ಅವರು ಇಂದಿಗೂ ನನ್ನ ಜೊತೆ ಮಾತಾಡುವುದಿಲ್ಲ. ಗಲ್ಲಿಯ ಗುಂಪಿಗೆ ನನ್ನನ್ನು ಇಂದಿಗೂ ಸೇರಿಸಿಲ್ಲ. ಒಬ್ಬಳಿಗೆ ಎರಡೆರಡು ಮನೆ ಯಾಕೆ ಎಂದು ಚಿಕ್ಕೋಡಿಯಲ್ಲೂ ಕೇಳುತ್ತಾರೆ, ಊರಲ್ಲೂ ಕೇಳುತ್ತಾರೆ. ವಿಹಾರಕ್ಕೆ ಸ್ಲ್ಯಾಬ್ ಬಿದ್ದಿದೆ. ಆದರೂ ಆಷಾಢ ಹುಣ್ಣಿಮೆಯ ಮೊದಲ ದಿನದ ಓದು ಪ್ರತಿವರ್ಷ ನಮ್ಮ ಪಡಸಾಲೆಯಲ್ಲೇ. ನಾನೇ ಹಟ ಹಿಡಿದು ಹಾಗೆ ಮಾಡಿದ್ದೇನೆ.

ಅಪ್ಪಾಸಾಹೇಬರು ಸಹಿ ಮಾಡಿಹೋದ ಆ ಸಂಜೆಯೇ ಬಸ್ಸು ಹಿಡಿದು ಊರಿಗೆ ಹೋಗಿದ್ದೆ. ಅವ್ವ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಎಲ್ಲ ಕೇಳಿ, ಸಿಪ್ಪೆಯನ್ನು ಸೆರಗಿನಿಂದ ಕೊಡವಿ ಎದ್ದಳು. ಬೀಗದ ಮುಂದೆ ನಿಂತು ಅಂಕಿ ಒತ್ತುತ್ತ, ತಿರುಗದೆ ಕೇಳಿದಳು.

“ಎಷ್ಟ ಸಲ ಹೇಳಿದಾ?”

“ಒಮ್ಮಿ, ಬೇ.”

ಹಸಿರು ದೀಪ ಹತ್ತಿತು. ಒಳಗಿನಿಂದ ತಂಬಾಕಿನ ಘಾಟು ಬಂತು. ಅವಳು ಒಂದು ಸಲ ಸೀನಿ, ಹೊಸ್ತಿಲು ದಾಟುತ್ತ ಅಂದಳು.

“ಎರಡ ಸಲ ಹೇಳಸಬೇಕಿತ್ತು.”